ದೊಡ್ಡಕ್ಕನ ನೋಟುಬುಕ್ಕು

ನಮ್ಮ ಬೀದಿಯ ಕೊನೆಯಲ್ಲಿರುವ ಅಂಗನವಾಡಿಯ ಟೀಚರ್ ಮೂರು ದಿನದ ತರಬೇತಿ ಮುಗಿಸಿದವಳೇ ಒಂದು ಸಂಜೆ ಸೀದಾ ನಮ್ಮ ಮನೆಗೆ ಬಂದಳು. ಕೈಯಲ್ಲಿ ತರಬೇತಿಯಲ್ಲಿ ಕೊಟ್ಟ ಪುಸ್ತಕ, ಫೋನಿನಲ್ಲಿ ಇನ್ನಷ್ಟು ಪಿಡಿಎಫ್, ವಿಡಿಯೊ. ಕೇಂದ್ರ ಸರ್ಕಾರ 2023ರಲ್ಲಿ ಶುರು ಮಾಡಿದ ‘ಪೋಷಣ್ ಭೀ ಪಢಾಯಿ ಭೀ’ ಕಾರ್ಯಕ್ರಮದ ತರಬೇತಿ ಅದು. ಮೂರರಿಂದ ಆರು ವರ್ಷದ ಮಕ್ಕಳಿಗೆ ‘ಆಧಾರಶಿಲಾ’, ಮೂರು ತುಂಬದವರಿಗೆ ‘ನವಚೇತನಾ’ ಎಂದು ಎರಡು ಪಠ್ಯಕ್ರಮಗಳನ್ನು 2024ರಲ್ಲಿ ಹೊರತಂದಿದ್ದಾರೆ. ಆಧಾರಶಿಲಾದಲ್ಲಿ 48 ವಾರಗಳಿಗೆ ಆಗುವಷ್ಟು ಆಟ, ಚಟುವಟಿಕೆ. ನಾನು ಪ್ರಾಥಮಿಕ ಶಾಲೆಯಲ್ಲಿ ಮೇಡಂ ಆಗಿದ್ದೆ ಎನ್ನುವುದು ಆ ಹುಡುಗಿಗೆ ಗೊತ್ತಿತ್ತು. ಅದಕ್ಕೂ ಮೊದಲು ನಾನೂ ಅವಳ ಹಾಗೆ ಅಂಗನವಾಡಿ ಕಾರ್ಯಕರ್ತೆಯಾಗಿದ್ದೆ ಎನ್ನುವುದು ಗೊತ್ತಿರಲಿಲ್ಲ.

“ವರ್ಗೀಕರಣದ ಆಟ ಅಂತ ಇದೆ ಮೇಡಂ. ವಿಡಿಯೊದಲ್ಲಿ ಬಣ್ಣಬಣ್ಣದ ಮರದ ತುಂಡು ತೋರಿಸ್ತಾರೆ. ನಮ್ಮ ಕಿಟ್ಟಲ್ಲಿ ಅದಿಲ್ಲ. ಏನು ಮಾಡ್ಲಿ?”

“ಹುಣಸೆ ಬೀಜ ಸಿಗುತ್ತಾ?” ಅಂದೆ.

ಹಾಗೆ ಅಂದದ್ದು ನಾನಲ್ಲ, ದೊಡ್ಡಕ್ಕ. ಅವರ ಮಾತು ಇಷ್ಟು ವರ್ಷ ಕಳೆದ ಮೇಲೂ ನನ್ನ ಬಾಯಲ್ಲಿ ಸಿದ್ಧವಾಗಿ ಕೂತಿತ್ತು. ಹುಡುಗಿ ಹೋದ ಮೇಲೆ ರಾತ್ರಿ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ.

ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ಕರ್ನಾಟಕಕ್ಕೆ ಅದು ಮೊದಲು ಬಂದದ್ದು ನಮ್ಮ ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ನಾನು ಸೇರಿದ್ದು ಎಂಬತ್ತರ ದಶಕದ ನಡುವೆ, ಅಷ್ಟರಲ್ಲಿ ನಮ್ಮ ತಾಲ್ಲೂಕಿಗೂ ಅಂಗನವಾಡಿಗಳು ಬಂದಿದ್ದವು. ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ಕೂತಿದ್ದೆ. ಅಪ್ಪ ಯಾರನ್ನೋ ವಿಚಾರಿಸಿ ಅರ್ಜಿ ಹಾಕಿಸಿದರು. ತಿಂಗಳಿಗೆ ಕೊಡುತ್ತಿದ್ದುದು 300 ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ಅದನ್ನು ಸಂಬಳ ಅನ್ನುವ ಹಾಗಿರಲಿಲ್ಲ, ಗೌರವಧನ. ಇವತ್ತಿಗೂ ಅದು ಗೌರವಧನವೇ.

ಮೊದಲು ಮೂರು ತಿಂಗಳ ತರಬೇತಿ. ಬಾಡಿಗೆ ಮನೆಯೊಂದರಲ್ಲಿ ಕೇಂದ್ರ, ಅಲ್ಲೇ ಊಟ, ಅಲ್ಲೇ ಚಾಪೆಯ ಮೇಲೆ ನಿದ್ದೆ. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಪೌಷ್ಟಿಕತೆ ಮತ್ತು ಆರೋಗ್ಯದ ತಿಳಿವಳಿಕೆ ಎಂದು ಯೋಜನೆಯ ಆರು ಸೇವೆಗಳನ್ನು ದಿನಾ ಬೆಳಿಗ್ಗೆ ನಮ್ಮಿಂದ ಒಪ್ಪಿಸುತ್ತಿದ್ದರು. ನಮ್ಮ ಬೋಧಕಿ ನಗು ಕಾಣದ ಹೆಂಗಸು. ಬೋರ್ಡಿನ ಮೇಲೆ ಬರೆಯುವುದು, ನಾವು ನಕಲು ಮಾಡುವುದು, ಇಷ್ಟೇ ಪಾಠ. ಆಗ ಅವರ ಮೇಲೆ ನಮಗೆ ಅಂಥ ಗೌರವವೇನೂ ಇರಲಿಲ್ಲ. ಆದರೆ ರಾತ್ರಿ ನೀರು ಕುಡಿಯಲು ಎದ್ದಾಗಲೆಲ್ಲ ಅವರ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಅವರಿಗೆ ಕೊಟ್ಟಿದ್ದ ಕೈಪಿಡಿ ಇಂಗ್ಲಿಷಿನದು. ಮಾರನೇ ದಿನದ ಪಾಠವನ್ನು ನಿಘಂಟು ಇಟ್ಟುಕೊಂಡು ಸಾಲು ಸಾಲಾಗಿ ಕನ್ನಡಕ್ಕೆ ತಂದುಕೊಳ್ಳುತ್ತಿದ್ದರು. ಬೋರ್ಡಿನ ಮೇಲೆ ಬರುತ್ತಿದ್ದುದು ಆ ರಾತ್ರಿಯ ದುಡಿಮೆ. ನಾನೇ ಮೇಡಂ ಆಗಿ, ಅರ್ಥವಾಗದ ಸುತ್ತೋಲೆಗಳನ್ನು ಓದಿ ತಲೆ ಕೆಡಿಸಿಕೊಂಡ ಮೇಲೆ ಅವರ ದೊಡ್ಡತನ ನನಗೆ ತಿಳಿಯಿತು.

ತರಬೇತಿ ಮುಗಿಸಿ ಊರಿಗೆ ಬಂದರೆ ನನ್ನ ಕೇಂದ್ರ ಹಳೇ ಚಾವಡಿಯಲ್ಲಿತ್ತು. ತೊಲೆಗೆ ನೇತುಹಾಕುವ ತೂಕದ ತಕ್ಕಡಿ, ರಿಜಿಸ್ಟರುಗಳು, ಎನರ್ಜಿ ಫುಡ್ಡಿನ ಚೀಲಗಳು, ಒಂದು ತಗಡಿನ ಟ್ರಂಕು. ಮಕ್ಕಳ ಆಟದ ಸಾಮಾನು ಆ ಟ್ರಂಕಿನಲ್ಲಿತ್ತು. ಒಡೆದರೆ ಲೆಕ್ಕ ಕೊಡಬೇಕು, ಗೌರವಧನದಲ್ಲಿ ಮುರಿದುಕೊಳ್ಳುತ್ತಾರೆ ಅಂತ ಹೆದರಿಸಿದ್ದರಿಂದ ಅದಕ್ಕೆ ಬೀಗ. ಗೋಡೆಯ ಮೇಲೆ ಹಣ್ಣುಗಳ ಪಟ: ಸೇಬು, ದ್ರಾಕ್ಷಿ, ಪೇರ್. ನಮ್ಮ ಮಕ್ಕಳು ತಿನ್ನುತ್ತಿದ್ದ ಸೀಬೆ, ನೇರಳೆ, ಸೀತಾಫಲ, ಕಾರೆಹಣ್ಣು ಯಾವುದೂ ಅದರಲ್ಲಿ ಇರಲಿಲ್ಲ. ಮಕ್ಕಳನ್ನು ಕೂರಿಸಿಕೊಂಡ ಮೇಲೆ ಮಾಡುವುದೇನು ಅನ್ನುವುದು ಆ ಮೂರು ತಿಂಗಳ ನಕಲು ಪುಸ್ತಕದಲ್ಲೂ ಸಿಗಲಿಲ್ಲ.

ಪಕ್ಕದ ಊರಿನ ಕೇಂದ್ರ ನೋಡಿಕೊಂಡು ಬಾ ಎಂದು ಮೇಲ್ವಿಚಾರಕಿ ಹೇಳಿ ಕಳಿಸಿದರು. ಅಲ್ಲಿ ಕಂಡವರು ದೊಡ್ಡಕ್ಕ.

ಅವರು ನಮ್ಮೆಲ್ಲರಿಗಿಂತ ವಯಸ್ಸಿನಲ್ಲಿ ದೊಡ್ಡವರು. ಏಳನೇ ತರಗತಿವರೆಗೆ ಓದಿದ್ದರು, ಚಿಕ್ಕ ವಯಸ್ಸಿಗೇ ಗಂಡ ಹೋಗಿದ್ದ. ಸುತ್ತಿನ ಟೀಚರುಗಳೆಲ್ಲ ಅವರನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದೆವು. ನಾನು ಹೋದಾಗ ಅವರು ಮೊರದ ತುಂಬ ಹುಣಸೆ ಬೀಜ ಇಟ್ಟುಕೊಂಡು ನೆಲದ ಮೇಲೆ ಕೂತಿದ್ದರು. ಕೆಲವು ಇಡೀ ಬೀಜ, ಕೆಲವು ಕಲ್ಲಿನ ಮೇಲೆ ತೇದು ಒಂದು ಮೈ ಬೆಳ್ಳಗೆ ಮಾಡಿದವು, ಚೌಕಾಬಾರಕ್ಕೆ ಮಾಡಿಕೊಳ್ಳುತ್ತೇವಲ್ಲ ಹಾಗೆ. ಮಕ್ಕಳು ಐದೈದು ಬೀಜ ಎಸೆಯುತ್ತಿದ್ದವು. ಎಷ್ಟು ಬೆಳ್ಳಗೆ ಬಿದ್ದವೋ ಅಷ್ಟು ಹೆಜ್ಜೆ ಕುಪ್ಪಳಿಸಬೇಕು. ಅಂಕಿಯನ್ನು ಯಾರೂ ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲ, ಆದರೆ ಮೂರು ಬಿದ್ದಾಗ ನಾಲ್ಕು ಹೆಜ್ಜೆ ಇಟ್ಟವನನ್ನು ಉಳಿದವರೆಲ್ಲ ಸೇರಿ ಹಿಂದಕ್ಕೆ ಎಳೆಯುತ್ತಿದ್ದರು. ಮೂಲೆಯಲ್ಲಿ ಇನ್ನೂ ಚಿಕ್ಕವು ನಾಲ್ಕೈದು ಇದ್ದವು. ಅವುಗಳ ಕೈಗೆ ಬೀಜ ಕೊಟ್ಟಿರಲಿಲ್ಲ, ಹೊಂಗೆಕಾಯಿ ಕೊಟ್ಟಿದ್ದರು. “ಬೀಜ ಮೂಗ್ಗೆ ತುರುಕ್ಕೋತವೆ ಕಣವ್ವ, ಹೊಂಗೆಕಾಯಿ ಹೋಗದಿಲ್ಲ” ಎಂದರು.

ಒಬ್ಬ ಹುಡುಗ ಗುಂಪಿಗೆ ಸೇರದೆ ತನ್ನ ಪಾಲಿನ ಬೀಜಗಳನ್ನು ಮೂರು ಗುಡ್ಡೆ ಮಾಡುತ್ತಿದ್ದ. ದೊಡ್ಡದು ಚಿಕ್ಕದು ಅಂತಲ್ಲ, ಕಪ್ಪು ಬಿಳುಪು ಅಂತಲೂ ಅಲ್ಲ. ಏನೋ ಇದು ಎಂದು ಕೇಳಿದೆ. “ಇವು ಅವ್ವುಂದು, ಇವು ನಂದು, ಇವು ಪಾಪುಂದು” ಅಂದ. ನಾನು ತಿದ್ದಲು ಹೋದೆ. ದೊಡ್ಡಕ್ಕ ನನ್ನ ಕೈ ಹಿಡಿದರು. “ಅವನ ಲೆಕ್ಕ ಅವ್ನು ಹಾಕ್ಕೊಳ್ಳಲಿ ಬಿಡವ್ವ. ನಮ್ಮ ಲೆಕ್ಕ ಆಮೇಲೆ ಬತ್ತದೆ.”

ಆ ಒಂದು ಬೆಳಿಗ್ಗೆ ನೋಡಿದ್ದು ನನಗೆ ಮೂರು ತಿಂಗಳ ತರಬೇತಿಗಿಂತ ಹೆಚ್ಚಾಯಿತು. ಇದನ್ನು ಇಷ್ಟು ಖಂಡಿತವಾಗಿ ಹೇಳುವುದಕ್ಕೆ ಕಾರಣವಿದೆ. ಮುಂದೆ ಶಿಕ್ಷಕರ ತರಬೇತಿಯ ಟಿಸಿಎಚ್ ಓದಿದಾಗ, ಸೇವೆಯಲ್ಲಿದ್ದಾಗ ಎಷ್ಟೋ ತರಬೇತಿಗಳಲ್ಲಿ ಕೂತಾಗ, ಮಗು ತಾನೇ ಮಾಡಿಕೊಂಡ ವರ್ಗೀಕರಣವನ್ನು ಗೌರವಿಸಬೇಕು ಎಂಬ ಮಾತನ್ನು ಹಲವು ದೊಡ್ಡ ಹೆಸರುಗಳ ಜೊತೆ ಕೇಳಿದ್ದೇನೆ. ಕೇಳಿದಾಗಲೆಲ್ಲ ಆ ಮೂರು ಗುಡ್ಡೆ ಕಣ್ಣಿಗೆ ಕಟ್ಟಿದೆ.

ತಿಂಗಳಿಗೊಮ್ಮೆ ನಮ್ಮ ವೃತ್ತದ ಟೀಚರುಗಳ ಸಭೆ. ಮೇಲ್ವಿಚಾರಕಿ ಬಸ್ಸಿಳಿದು ಬರುವುದು ಸದಾ ತಡ. ಆ ಕಾಯುವ ಹೊತ್ತಿನಲ್ಲಿ ದೊಡ್ಡಕ್ಕ ಚೀಲದಿಂದ ಇನ್ನೂರು ಪುಟದ ಉದ್ದದ ನೋಟುಬುಕ್ಕು ತೆಗೆಯುತ್ತಿದ್ದರು. ಅದು ಅವರೊಬ್ಬರದಲ್ಲ, ನಮ್ಮೆಲ್ಲರದು. ಯಾರ ಕೇಂದ್ರದಲ್ಲಿ ಯಾವ ಆಟ ನಡೆಯಿತು, ಯಾವ ಹಾಡಿಗೆ ಮಕ್ಕಳು ಎದ್ದು ಕುಣಿದರು, ಯಾವ ಕತೆ ಅರ್ಧಕ್ಕೆ ಬಿದ್ದುಹೋಯಿತು, ಯಾಕೆ, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಬರೆಯಲು ಸಂಕೋಚಪಡುವವರ ಬಾಯಿಂದ ಹೇಳಿಸಿ ನಾನು ಬರೆದುಕೊಳ್ಳುತ್ತಿದ್ದೆ, ನನ್ನ ಅಕ್ಷರ ಚೆನ್ನಾಗಿತ್ತು. ಸಭೆ ಮುಗಿದ ಮೇಲೆ ಅದು ಒಂದೊಂದು ಊರಿಗೆ ಹೋಗುತ್ತಿತ್ತು. ವಾಪಸು ಬರುವಾಗ ಎಣ್ಣೆ ಕಲೆ, ಅರಿಸಿನದ ಕಲೆ, ಎಲ್ಲೋ ಒಂದು ಮಗು ಗೀಚಿದ ಸುತ್ತುಗಳು. ತೆಂಗಿನ ಚಿಪ್ಪಿಗೆ ದಾರ ಕಟ್ಟಿ ಅದರ ಮೇಲೆ ನಡೆಯುವ ಆಟ. ರಾಗಿ, ಭತ್ತ, ಹುರುಳಿಯನ್ನು ಕಣ್ಣು ಮುಚ್ಚಿ ಮುಟ್ಟಿ ಹೇಳುವ ಆಟ. ಬೆಂಕಿಪೊಟ್ಟಣದ ರೈಲು. ಬೆಳಿಗ್ಗೆ ಅಳುವ ಮಗುವಿನ ಕೈಗೆ ಅದರ ಅವ್ವನ ಸೀರೆಯ ತುಂಡು ಕೊಟ್ಟು ನೋಡಿ ಎಂದು ಒಬ್ಬಾಕೆ ಬರೆದಿದ್ದಳು. ಅದರ ಕೆಳಗೆ ಬೇರೆ ಬೇರೆ ಕೈಬರಹದಲ್ಲಿ ‘ನಮ್ಮಲ್ಲೂ ಆಯಿತು’, ‘ನಮ್ಮಲ್ಲಿ ಆಗಲಿಲ್ಲ, ಇನ್ನೂ ಜಾಸ್ತಿ ಅತ್ತಿತು’.

ಈ ಕಡೆಯ ಸಾಲನ್ನು ನಾನು ಯಾವ ಸರ್ಕಾರಿ ಕೈಪಿಡಿಯಲ್ಲೂ ಕಂಡಿಲ್ಲ. ಕೈಪಿಡಿಯ ಆಟಗಳೆಲ್ಲ ಎಲ್ಲ ಊರಲ್ಲೂ ಎಲ್ಲ ಮಕ್ಕಳಿಗೂ ಗೆಲ್ಲುತ್ತವೆ. ಆಗಲಿಲ್ಲ ಎಂದು ಬರೆಯಲು ಅದರಲ್ಲಿ ಜಾಗವಿಲ್ಲ.

ಬಹಳ ತಡವಾಗಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಅವರ ಬಗ್ಗೆ ಓದಿದೆ. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ ಅವರ ಜೊತೆ ತಾರಾಬಾಯಿ ಕೆಲಸ ಮಾಡಿದವರು. ಮಾಂಟೆಸ್ಸೋರಿ ಪದ್ಧತಿಯನ್ನು ಚೆನ್ನಾಗಿ ಬಲ್ಲವರು. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಊರಿಗೆ ಹೋಗಿ ಆದಿವಾಸಿ ಮಕ್ಕಳಿಗೆ ಶಾಲೆ ಶುರು ಮಾಡಿದಾಗ ಅವರಿಗೆ ಆ ಪದ್ಧತಿಯ ದುಬಾರಿ ಮರದ ಸಲಕರಣೆ ಆಗಿಬರಲಿಲ್ಲ. ಮಕ್ಕಳು ಶಾಲೆಗೆ ಬರದಿದ್ದಾಗ ಹಾಡಿಯ ಅಂಗಳಕ್ಕೇ ಶಾಲೆಯನ್ನು ಒಯ್ದರು. ಎಲೆ, ಕಲ್ಲು, ಬೀಜ, ಕಾಯಿಗಳನ್ನೇ ಪಾಠದ ಸಾಮಾನು ಮಾಡಿಕೊಂಡರು. ದೊಡ್ಡಕ್ಕ ಇವರ ಹೆಸರನ್ನೇ ಕೇಳಿರಲಿಲ್ಲ. ಇವರು ಕಂಡುಕೊಂಡದ್ದನ್ನು ಕೊಂಚವಾದರೂ ನಮ್ಮ ತರಬೇತಿಯಲ್ಲಿ ಹೇಳಿದ್ದರೆ, ದೊಡ್ಡಕ್ಕನಿಗೆ ತಾನು ಮಾಡುತ್ತಿರುವುದು ಬಡತನಕ್ಕೆ ಮಾಡಿಕೊಂಡ ಉಪಾಯವಲ್ಲ, ಅದಕ್ಕೊಂದು ಪರಂಪರೆ ಇದೆ ಎಂಬುದು ತಿಳಿಯುತ್ತಿತ್ತು. ಇನ್‌ಸ್ಪೆಕ್ಷನ್‌ಗೆ ಯಾರಾದರೂ ಬಂದರೆ ಅವರು ಮೊರವನ್ನು ಸೆರಗಿನ ಹಿಂದೆ ಸರಿಸಿ ಟ್ರಂಕಿನ ಬೀಗ ತೆಗೆಯುತ್ತಿದ್ದರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆ ನೋಟುಬುಕ್ಕಿನ ಒಂದು ಪುಟವನ್ನು ನಾನು ಮರೆಯುವ ಹಾಗೇ ಇಲ್ಲ. ದೊಡ್ಡಕ್ಕನ ಕೇಂದ್ರಕ್ಕೆ ನಾಲ್ಕು ವರ್ಷದ ಹುಡುಗ ಬರುತ್ತಿದ್ದ. ಮಾತಿಲ್ಲ. ಊರವರು ಮೂಗ ಅನ್ನುತ್ತಿದ್ದರು, ಮನೆಯಲ್ಲೂ ಹಾಗೇ ಕರೆಯುತ್ತಿದ್ದರು. ದೊಡ್ಡಕ್ಕ ಅವನ ಬಗ್ಗೆ ಬರೆಸಿದ್ದು ನನ್ನ ಕೈಯಿಂದಲೇ: ‘ಹಿಂದೆ ನಿಂತು ತಟ್ಟೆ ಬಡಿದರೆ ತಿರುಗುವುದಿಲ್ಲ. ನೆಲ ತುಳಿದರೆ ತಿರುಗುತ್ತಾನೆ. ನಗುವಾಗ ದನಿ ಬರುತ್ತದೆ. ಬಾಯಲ್ಲಿ ತೊಂದರೆ ಇಲ್ಲ, ಕಿವಿ ನೋಡಿಸಬೇಕು. ಎಲ್ಲಿ?’

ಆ ‘ಎಲ್ಲಿ’ಗೆ ನಮ್ಮ ಯಾರ ಹತ್ತಿರವೂ ಉತ್ತರವಿರಲಿಲ್ಲ. ತರಬೇತಿಯಲ್ಲಿ ಅಂಗವಿಕಲ ಮಕ್ಕಳ ಬಗ್ಗೆ ಹೇಳಿದ್ದು ಒಂದೆರಡು ವಾಕ್ಯ, ಅದರಲ್ಲಿ ಆಸ್ಪತ್ರೆಗೆ ಕಳಿಸಿ ಎಂದಿತ್ತು. ಯಾವ ಆಸ್ಪತ್ರೆ, ಯಾವ ವಯಸ್ಸಿನೊಳಗೆ, ಏನು ಹೇಳಿ ಕಳಿಸಬೇಕು, ಯಾವುದೂ ಇಲ್ಲ. ನೋಟುಬುಕ್ಕು ಊರೂರು ಸುತ್ತಿ ವಾಪಸು ಬಂದಾಗ ಆ ಪ್ರಶ್ನೆಯ ಪಕ್ಕದಲ್ಲಿ ಒಬ್ಬ ಟೀಚರ್ ಬರೆದಿದ್ದಳು: ‘ಮೈಸೂರು ಮಾನಸಗಂಗೋತ್ರಿಯಲ್ಲಿ ಕಿವಿ ಮಾತಿನ ದೊಡ್ಡ ಆಸ್ಪತ್ರೆ ಇದೆ. ನಮ್ಮ ಭಾವ ಅಲ್ಲಿ ತೋಟದ ಕೆಲಸ ಮಾಡುತ್ತಾರೆ.’ ಅದು ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1965ರಲ್ಲಿ ಸ್ಥಾಪನೆಯಾದದ್ದು. ದೇಶದ ಬೇರೆ ಬೇರೆ ರಾಜ್ಯಗಳಿಂದ ಜನ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಬರುತ್ತಾರೆ. ಒಂದೂವರೆ ಗಂಟೆಯ ಬಸ್ ದಾರಿಯಲ್ಲಿದ್ದ ನಮಗೆ ಅದು ಗೊತ್ತಿರಲಿಲ್ಲ.

ದೊಡ್ಡಕ್ಕ ಆ ತಾಯಿಯ ಜೊತೆ ಮೊದಲ ಬಸ್ಸಿಗೆ ಹೋದರು. ಹುಡುಗನಿಗೆ ಶ್ರವಣ ಸಾಧನ ಸಿಕ್ಕಿತು, ಮನೆಯಲ್ಲಿ ಮಾತು ಕಲಿಸುವ ರೀತಿಯನ್ನು ತಾಯಿಗೂ ಹೇಳಿಕೊಟ್ಟರು. ಅಲ್ಲಿಯ ಡಾಕ್ಟರು ಎರಡು ವರ್ಷ ಮೊದಲೇ ಬರಬೇಕಿತ್ತು ಎಂದರಂತೆ. ಅವನು ಮುಂದೆ ಮಾತಾಡಿದ, ಎಲ್ಲರ ಹಾಗೆ ಸಲೀಸಾಗಿ ಅಲ್ಲ, ಆದರೆ ಅವ್ವ ಎಂದು ಕರೆದ, ತನ್ನ ಹೆಸರು ಹೇಳಿದ. ಆಮೇಲೆ ಅವನನ್ನು ಮೂಗ ಎಂದು ಕರೆದವರಿಗೆ ದೊಡ್ಡಕ್ಕ ಬೀದಿಯಲ್ಲೇ ನಿಲ್ಲಿಸಿ ಬುದ್ಧಿ ಹೇಳುತ್ತಿದ್ದರು. 2023ರ ನವೆಂಬರಿನಲ್ಲಿ ಅಂಗನವಾಡಿಗಳಿಗಾಗಿಯೇ ದಿವ್ಯಾಂಗ ಮಕ್ಕಳ ಬಗ್ಗೆ ಮಾರ್ಗಸೂಚಿ ಬಂತು. ಯಾವ ಲಕ್ಷಣ ಕಂಡರೆ ಯಾರ ಹತ್ತಿರ ಕಳಿಸಬೇಕು ಎಂದು ಅದರಲ್ಲಿ ಹೇಳಿದ್ದಾರೆ. ನಮ್ಮ ಬೀದಿಯ ಟೀಚರ್ ಹುಡುಗಿಯ ಫೋನಿನಲ್ಲಿ ಅದನ್ನು ಓದಿದಾಗ ನಿಜಕ್ಕೂ ಸಂತೋಷವಾಯಿತು. ಆದರೆ ಅಂಗನವಾಡಿ ಹುಟ್ಟಿ ನಲವತ್ತೆಂಟು ವರ್ಷ ಆದ ಮೇಲೆ ಬಂದ ಪುಸ್ತಕ ಅದು, ಅದನ್ನೂ ಹೇಳಲೇಬೇಕು.

ನಮ್ಮ ನೋಟುಬುಕ್ಕನ್ನು ಇಷ್ಟು ಹೊಗಳಿದ ಮೇಲೆ ಅದರ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. ಅದರ ಕತೆಗಳಲ್ಲಿ ಕಪ್ಪಗಿದ್ದವರೆಲ್ಲ ರಾಕ್ಷಸರು. ಮನೆಯಾಟದಲ್ಲಿ ಹೆಣ್ಣುಮಕ್ಕಳಿಗೆ ಒಲೆ ಮತ್ತು ಕಸಪೊರಕೆ, ಗಂಡುಮಕ್ಕಳಿಗೆ ನೇಗಿಲು, ಬಸ್ಸು, ಕಚೇರಿ. ಅಳು ನಿಲ್ಲಿಸಲು ಗುಮ್ಮನ ಕತೆಗಳು ಬೇಕಾದಷ್ಟು. ಮೂರು ವರ್ಷದ ಕೂಸಿನ ಕೈ ಹಿಡಿದು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸುವ ವಿಧಾನಕ್ಕೆ ಎರಡು ಪೂರ್ತಿ ಪುಟ ಮೀಸಲಾಗಿದ್ದವು, ಅಕ್ಷರ ಬಂದರಷ್ಟೇ ತಾಯಂದಿರು ಮಕ್ಕಳನ್ನು ಕಳಿಸುತ್ತಿದ್ದರು. ಆ ಎಳೆ ಬೆರಳಿಗೆ ಬಳಪ ಹಿಡಿಯುವ ಬಲ ಇನ್ನೂ ಬಂದಿರುವುದಿಲ್ಲ, ಮಣ್ಣು ಕಲಸುವುದು, ಹರಿಯುವುದು, ಪೋಣಿಸುವುದೇ ಅದಕ್ಕೆ ಬರವಣಿಗೆಯ ತಯಾರಿ ಎನ್ನುವುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇವತ್ತಿನ ಪುಸ್ತಕಗಳು ಅದನ್ನು ಬಿಡಿಸಿ ಹೇಳುತ್ತವೆ. ಕರ್ನಾಟಕದ ಅಂಗನವಾಡಿ ಪಠ್ಯಕ್ರಮ ‘ಚಿಲಿಪಿಲಿ’ ಬಂದ ಮೇಲೆ ಎಷ್ಟೋ ಕೇಂದ್ರಗಳಲ್ಲಿ ಸ್ಲೇಟಿನ ಕಾಟ ಕಡಿಮೆಯಾದದ್ದನ್ನು ಒಂದನೇ ತರಗತಿಯ ಮೇಡಂ ಆಗಿ ನಾನೇ ನೋಡಿದ್ದೇನೆ.

ನೋಟುಬುಕ್ಕಿಗೆ ಬರದೇ ಹೋದ ವಿಷಯ ಇನ್ನೊಂದಿತ್ತು. ದೊಡ್ಡಕ್ಕನ ಕೇಂದ್ರದ ಆಯಮ್ಮ ಕೇರಿಯವರು. ಅವರು ಅಡುಗೆಗೆ ನಿಂತ ವಾರ ಮೇಲಿನ ಬೀದಿಯ ಮಕ್ಕಳು ಊಟದ ಹೊತ್ತಿಗೆ ಮನೆಗೆ ಓಡತೊಡಗಿದವು. ದೊಡ್ಡಕ್ಕ ಯಾರ ಮನೆಗೂ ಹೋಗಿ ವಾದ ಮಾಡಲಿಲ್ಲ. ಬಾಗಿಲ ಹೊರಗೆ ಜಗುಲಿಯ ಮೇಲೆ, ಬೀದಿಗೆಲ್ಲ ಕಾಣುವ ಹಾಗೆ ಕೂತು, ಆಯಮ್ಮನ ಕೈಯಿಂದ ಬಡಿಸಿಕೊಂಡು ಮಕ್ಕಳಿಗಿಂತ ಮೊದಲು ಉಂಡರು. ದಿನಾ ಹಾಗೇ ಮಾಡಿದರು. ಕೆಲವು ಮಕ್ಕಳು ನಿಧಾನವಾಗಿ ಬಂದು ಕೂತವು, ಕೆಲವು ಕಡೆಗೂ ಬರಲಿಲ್ಲ. ಇದನ್ನು ಬರೆಯೋಣವಾ ದೊಡ್ಡಕ್ಕ ಎಂದು ಕೇಳಿದೆ. “ಬ್ಯಾಡ ಕಣವ್ವ, ಓದ್ದೋರು ಮೇಲಕ್ಕೆ ಹೇಳ್ತರೆ, ಆಯಮ್ಮನ ಕೆಲ್ಸ ಹೋಯ್ತದೆ” ಎಂದರು. ನಮ್ಮ ಕಸುಬಿನಲ್ಲಿ ಎಲ್ಲಕ್ಕಿಂತ ಕಷ್ಟದ್ದು ಇಂಥದ್ದೇ. ಇದಕ್ಕೆ ಆಗ ಯಾವ ಕೈಪಿಡಿಯೂ ಇರಲಿಲ್ಲ, ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಿಕೊಳ್ಳುವ ಧೈರ್ಯವೂ ಇರಲಿಲ್ಲ.

ಮುಂದೆ ಟಿಸಿಎಚ್ ಮುಗಿಸಿ ನಾನು ಪ್ರಾಥಮಿಕ ಶಾಲೆಗೆ ಸೇರಿದೆ. ಸಂಬಳ, ರಜೆ, ಪಿಂಚಣಿ ಎಲ್ಲವೂ ಇರುವ ಕೆಲಸ. 1995ರಲ್ಲಿ ನಮ್ಮ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಎಂಬ ಕಲಿಕಾ ಪದ್ಧತಿ ಶುರುವಾಯಿತು. ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಕೊಂಡು ಬಂದು, ತಾವೇ ಕೂತು ಕಲಿಕಾ ಕಾರ್ಡುಗಳನ್ನು ಬರೆದರು, ತರಗತಿಯಲ್ಲಿ ಪ್ರಯೋಗಿಸಿ, ಹರಿದು, ಮತ್ತೆ ಬರೆದರು. 2009ರ ಹೊತ್ತಿಗೆ ಅದು ಇಡೀ ರಾಜ್ಯದ ಒಂದು, ಎರಡನೇ ತರಗತಿಗಳಿಗೆ ಬಂತು. ಆ ಕಾರ್ಡುಗಳನ್ನು ಕೈಯಲ್ಲಿ ಹಿಡಿದಾಗ ನನಗೆ ಹೆಮ್ಮೆಯ ಜೊತೆ ಸಿಟ್ಟೂ ಬಂದಿತ್ತು. ಆರು ವರ್ಷದ ಮಕ್ಕಳ ಶಿಕ್ಷಕರು ತಮ್ಮ ಪಾಠದ ಸಾಮಾನು ತಾವೇ ಮಾಡಿಕೊಳ್ಳಬಲ್ಲರು ಎಂದು ಸರ್ಕಾರ ನಂಬಿತು, ಅದಕ್ಕೆ ದಿನಗಳನ್ನು ಕೊಟ್ಟಿತು, ಬಸ್ ಚಾರ್ಜು ಕೊಟ್ಟಿತು, ಅಚ್ಚು ಹಾಕಿಸಿತು. ನಾಲ್ಕು ವರ್ಷದ ಮಕ್ಕಳ ಟೀಚರುಗಳು ಅದೇ ಕೆಲಸವನ್ನು ಮೇಲ್ವಿಚಾರಕಿಯ ಬಸ್ಸು ತಡವಾದ ಹೊತ್ತಿನಲ್ಲಿ, ತಮ್ಮ ದುಡ್ಡಿನ ನೋಟುಬುಕ್ಕಿನಲ್ಲಿ ಮಾಡುತ್ತಿದ್ದರು. ಅದು ಯಾರ ಲೆಕ್ಕಕ್ಕೂ ಬರಲಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಒಂದೇ ಹಂತ ಎಂದು ಕರೆದಿದೆ. ಹಂತ ಒಂದೇ ಆದರೂ ಅದರಲ್ಲಿ ಕಲಿಸುವವರು ಎರಡು ತರದವರಾಗೇ ಉಳಿದಿದ್ದಾರೆ. ದೊಡ್ಡಕ್ಕ ಕೆಲಸ ಬಿಟ್ಟಾಗ ಅವರ ಕೈಗೆ ಬಂದದ್ದು ಒಂದು ಹಾರ, ಒಂದು ಸ್ಟೀಲ್ ಪಾತ್ರೆ. ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು ಗ್ರಾಚ್ಯುಯಿಟಿಗೆ ಅರ್ಹರು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲಿನಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಬಹಳ ವರ್ಷವಾಗಿತ್ತು. ನೋಟುಬುಕ್ಕು ಏನಾಯಿತೋ ತಿಳಿಯದು. ನಾನು ಬಿಟ್ಟುಬರುವಾಗ ಎರಡನೆಯದು ಅರ್ಧ ತುಂಬಿತ್ತು.

ನಮ್ಮ ಬೀದಿಯ ಟೀಚರ್ ಈಗ ವಾರಕ್ಕೊಮ್ಮೆಯಾದರೂ ಬರುತ್ತಾಳೆ. ಅವಳ ಫೋನಿನಲ್ಲಿ ಪೋಷಣ್ ಟ್ರ್ಯಾಕರ್ ಇದೆ. ಹಾಜರಿ, ತೂಕ, ಎತ್ತರ, ಊಟ, ಫೋಟೊ, ಮನೆಗೆ ಒಯ್ಯುವ ಪಡಿತರಕ್ಕೆ ಮುಖ ಗುರುತು, ಎಲ್ಲ ಅದರಲ್ಲೇ. ಮಕ್ಕಳ ತೂಕ ಒಂದೂ ಬಿಟ್ಟುಹೋಗದಂತೆ ದಾಖಲಾಗುವುದು ಒಳ್ಳೆಯದೇ, ನಮ್ಮ ಕಾಲದ ರಿಜಿಸ್ಟರಿನಲ್ಲಿ ಎಷ್ಟೋ ಅಂಕಿಗಳು ಕಚೇರಿಗಾಗಿ ಹುಟ್ಟಿಕೊಳ್ಳುತ್ತಿದ್ದವು. ಆದರೆ ಈಗಿನ ತಿಂಗಳ ಸಭೆಯಲ್ಲಿ ಏನು ಮಾತಾಡುತ್ತೀರಿ ಎಂದರೆ, “ಯಾರ್ದು ಎಂಟ್ರಿ ಬಾಕಿ ಇದೆ ಅನ್ನೋದೇ ಮೇಡಂ, ಅಷ್ಟಕ್ಕೇ ಸಂಜೆ ಆಗುತ್ತೆ” ಅನ್ನುತ್ತಾಳೆ. ಕಾಯುವ ಹೊತ್ತೂ ಈಗ ಇಲ್ಲ. ಪುಸ್ತಕ, ವಿಡಿಯೊ, ಕಿಟ್ಟುಗಳಿಗೆ ಕೊಡುವ ಗಮನದಲ್ಲಿ ಸ್ವಲ್ಪವನ್ನು ಈ ಹೆಣ್ಣುಮಕ್ಕಳು ತಿಂಗಳಿಗೆ ಅರ್ಧ ದಿನ ಫೋನು ಬದಿಗಿಟ್ಟು ಮಕ್ಕಳ ಬಗ್ಗೆ ಮಾತ್ರ ಮಾತಾಡುವುದಕ್ಕೆ ಕೊಡಿ ಎಂದು ನಾನು ಸಿಕ್ಕಿದವರಿಗೆಲ್ಲ ಹೇಳುತ್ತಿರುತ್ತೇನೆ. ಸುಮಾರು 14 ಲಕ್ಷ ಕೇಂದ್ರಗಳ ಅನುಭವ ಹೀಗೆ ಒಂದೆಡೆ ಸೇರತೊಡಗಿದರೆ ಅದರ ಮುಂದೆ ಯಾವ ತಜ್ಞರ ಸಮಿತಿಯೂ ಸಣ್ಣದೇ.

ಅವಳೂ ಅವಳ ಗೆಳತಿಯರೂ ಸುಮ್ಮನೆ ಕೂತಿಲ್ಲ. ಮೇಲ್ವಿಚಾರಕಿಯರ ಆದೇಶ ಬರುವ ವಾಟ್ಸಾಪ್ ಗುಂಪು ಬೇರೆ, ಇವರು ತಮ್ಮಷ್ಟಕ್ಕೆ ಮಾಡಿಕೊಂಡದ್ದು ಬೇರೆ. ಅದಕ್ಕೆ ನನ್ನನ್ನೂ ಸೇರಿಸಿದ್ದಾರೆ. ರಾತ್ರಿ ಪಾತ್ರೆ ತೊಳೆದು, ಮಕ್ಕಳನ್ನು ಮಲಗಿಸಿದ ಮೇಲೆ ಅದು ಚುರುಕಾಗುತ್ತದೆ. ಮೊನ್ನೆ ಒಬ್ಬಳು ಕೇಳಿದ್ದಳು: ‘ಹೊಸದಾಗಿ ಸೇರಿದ ಮಗು ಬೇರೆಯವರನ್ನ ಕಚ್ಚುತ್ತೆ, ಏನು ಮಾಡೋದು ಅಕ್ಕಂದಿರಾ?’ ಒಬ್ಬಳು ಬೇರೆ ಕೂರಿಸಿ ಎಂದಳು. ಇನ್ನೊಬ್ಬಳು ಬೇಡ, ಬೇರೆ ಕೂರಿಸಿದರೆ ಜಾಸ್ತಿಯಾಗುತ್ತೆ, ನಮ್ಮಲ್ಲಿ ಹಾಗೇ ಆಯಿತು ಎಂದಳು. ಮನೆಯಲ್ಲಿ ಹೊಸ ಪಾಪು ಬಂದಿದೆಯಾ ಕೇಳಿ, ಹಲ್ಲು ಬರುತ್ತಿದೆಯಾ ನೋಡಿ, ಮಾತು ಬರುತ್ತಾ ಇಲ್ಲವಾ ಗಮನಿಸಿ ಎಂದು ಒಂದರ ಹಿಂದೆ ಒಂದು ಬಂದವು. ಯಾವ ಹೊತ್ತಿನಲ್ಲಿ ಕಚ್ಚುತ್ತದೆ ಎಂದು ಒಂದು ವಾರ ಬರೆದಿಡಿ ಎಂದು ನಾನು ಬರೆದೆ. ಮಾರನೇ ವಾರ ಉತ್ತರ ಬಂತು: ಹನ್ನೊಂದು ಗಂಟೆಯ ಮೇಲೆ, ಊಟಕ್ಕೆ ಮುಂಚೆ. ಮಗು ಬೆಳಿಗ್ಗೆ ಏನೂ ತಿನ್ನದೆ ಬರುತ್ತಿತ್ತು, ತಾಯಿ ಗಾರ್ಮೆಂಟ್ಸಿನ ಬಸ್ಸು ಹಿಡಿಯಲು ಏಳಕ್ಕೇ ಮನೆ ಬಿಡುತ್ತಾಳೆ. ಈಗ ಅದು ಬಂದ ಕೂಡಲೇ ಆಯಮ್ಮ ಒಂದು ಲೋಟ ರಾಗಿ ಗಂಜಿ ಕೊಡುತ್ತಾರಂತೆ.